ಮಾವ ಸಾಕ್ಷಿ ಹೇಳಿದ್ದು

ಯುದ್ಧ ಮುಗಿದು ನನ್ನ ಸೋದರಮಾವ ತಮ್ಮೂರು ಕಟ್ಟಾಯಕ್ಕೆ ಬಂದಾಗ ಅವರ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಸೈನ್ಯದ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದ ಅವರು ಸಿಂಗಪುರದಲ್ಲಿ ಜಪಾನಿಯರಿಗೆ ಸೆರೆಸಿಕ್ಕು ಮೂರು ವರ್ಷ ಶಿಬಿರದಲ್ಲಿದ್ದರು. ಅಲ್ಲಿ ಏನಾಯಿತೆಂದು ಅತ್ತೆಗೂ ಹೇಳಿರಲಿಲ್ಲ.

ಮಾರನೆಯ ವರ್ಷ ಸೈನ್ಯದಿಂದ ಕಾಗದ ಬಂತು. ಸೆರೆಯಾಳುಗಳನ್ನು ಕೊಂದವರ ವಿಚಾರಣೆ ಸಿಂಗಪುರದಲ್ಲಿ ನಡೆಯಲಿದೆ, ಕಂಡದ್ದನ್ನು ಹೇಳುವುದಾದರೆ ಹಾಸನಕ್ಕೆ ಬನ್ನಿ ಎಂದಿತ್ತು. ನಾನಾಗ ಹೊಳೆನರಸೀಪುರದಲ್ಲಿ ಇಂಗ್ಲಿಷ್ ಮೇಷ್ಟ್ರು. ರಜೆ ಹಾಕಿ ಜೊತೆಗೆ ಹೊರಟೆ.

ಮಾವ ನೇರವಾಗಿ ಹಾಸನಕ್ಕೆ ಹೋಗಲಿಲ್ಲ. ಮೊದಲು ಅರಕಲಗೂಡಿಗೆ ಕರೆದೊಯ್ದರು. ಶಿಬಿರದಲ್ಲಿ ಸತ್ತ ಗೆಳೆಯನೊಬ್ಬನ ತಾಯಿ ಅಲ್ಲಿದ್ದರು. ಅವರ ಜಗಲಿಯಲ್ಲಿ ಕೂತು ಮಾವ ಕೇಳಿದರು: "ನಿನ್ ಮಗನ್ನ ಎಂಗ್ ಕೊಂದ್ರು ಅಂತ ಎಲ್ಲಾರ್ ಮುಂದೆ ಯೇಳ್ಬೇಕು ಕಣವ್ವ. ಯೇಳ್ಲಾ?"

ಆಕೆ ಹತ್ತಿರ ಸರಿದು ಕೂತರು. "ಯೇಳು ಮಗ. ಆದ್ರೆ ಮೊದ್ಲು ನಂಗ್ ಯೇಳು."

ಆಕೆಯ ಮಗನನ್ನೂ ಸೇರಿಸಿ ಜ್ವರದಿಂದ ಏಳಲಾರದವರನ್ನೆಲ್ಲ ಶಿಬಿರದ ಮುಖ್ಯಸ್ಥ ಗುಂಡಿಯ ಅಂಚಿಗೆ ಎಳೆಸಿ ಕೊಲ್ಲಿಸಿದ್ದು, ಅಡ್ಡ ಹೋದ ಮಾವನ ಕೈ ಮುರಿದದ್ದು, ನಾನು ಕೇಳಿದ್ದು ಅಂದೇ. ಆಕೆ ಅಳಲಿಲ್ಲ. ಮಾವನ ಬಲಗೈ ಹಿಡಿದುಕೊಂಡು ಕೂತಿದ್ದರು.

ಹಾಸನದ ಬಂಗಲೆಯಲ್ಲಿ ಬಿಳಿಯ ಅಧಿಕಾರಿಯೊಬ್ಬ ಟೈಪ್‌ರೈಟರ್ ಇಟ್ಟುಕೊಂಡು ಕಾದಿದ್ದ. ಮಾವನಿಗೆ ಹಿಂದೂಸ್ತಾನಿ ಬರುತ್ತಿತ್ತು. ಆದರೂ ಸತ್ತವರ ವಿಷಯದಲ್ಲಿ ಒಂದು ಮಾತೂ ತಪ್ಪಬಾರದೆಂದು ಕನ್ನಡದಲ್ಲೇ ಹೇಳಿದರು. ನಾನು ಇಂಗ್ಲಿಷ್ ಮಾಡಿದೆ. ಎರಡು ಸಲ ನಡುವೆ ನಿಲ್ಲಿಸಿದೆ. ಮಾವ ಕಾದರು.

ಕೊನೆಗೆ, ಒಬ್ಬ ಜಪಾನಿ ಕಾವಲುಗಾರ ಜ್ವರದವರಿಗೆ ಕದ್ದು ಕ್ವಿನೈನ್ ಕೊಡುತ್ತಿದ್ದ, ಅದನ್ನೂ ಬರೆಯಿರಿ ಎಂದರು. ಈ ಮೊಕದ್ದಮೆಗೆ ಅದು ಬೇಡ ಎಂದ ಅಧಿಕಾರಿ.

"ಅದ್ನೂ ಬರ್ಕಳಿ ಸಾ. ಇಲ್ದಿದ್ರೆ ನಾನು ರುಜು ಆಕಾಕಿಲ್ಲ."

ಅಧಿಕಾರಿ ಮಾವನನ್ನು ಒಂದು ಗಳಿಗೆ ನೋಡಿ ಹೊಸ ಹಾಳೆ ಏರಿಸಿದ.

ಮಾವ ಹಡಗಿನಲ್ಲಿ ಸಿಂಗಪುರಕ್ಕೆ ಹೋಗಿ ಸಾಕ್ಷಿ ಹೇಳಿ ಬಂದರು. ಚೀನಿಯರು, ಮಲಯದವರು, ಆಸ್ಟ್ರೇಲಿಯದವರೂ ಬಂದಿದ್ದರಂತೆ. ಎಲ್ಲರ ಮಾತನ್ನೂ ಅವರವರ ಭಾಷೆಯಲ್ಲೇ ಕೇಳಿದರಂತೆ. ಶಿಬಿರದ ಮುಖ್ಯಸ್ಥನಿಗೂ ವಕೀಲನಿದ್ದನೆಂದಾಗ ಅತ್ತೆಗೆ ಸಿಟ್ಟು ಬಂತು.

"ಅಂತೋನ್ಗೆ ವಕೀಲ ಬ್ಯಾರೆ ಕೇಡು."

"ಅವ್ನು ನಮ್ಮೋರ್ನ ಒಂದ್ ಮಾತೂ ಕೇಳ್ದೆ ಕೊಂದ ಕಣೆ. ನಾವೂ ಅಂಗೇ ಮಾಡಾದಾ?"

ಅವನಿಗೆ ಗಲ್ಲಾಯಿತು. ಸುದ್ದಿ ತಿಳಿದ ದಿನ ಮಾವ ಊಟಕ್ಕೆ ಏಳಲಿಲ್ಲ. ಕೊಂದವನ ಸಾವಿಗೂ ಅವರು ಸೂತಕ ಹಿಡಿದಂತಿತ್ತು. ಅಷ್ಟು ದೊಡ್ಡ ಮನುಷ್ಯನ ಪಕ್ಕ ಕೂರುವುದಷ್ಟೇ ನನಗೆ ತಿಳಿದದ್ದು.