ಸಿಪ್ಪೆನೀರಿಗೆ ಹುಟ್ಟಿಕೊಂಡ ತಾತ

ಆ ವೈನ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೂಗಮ್ಮ ಎಂದೇ ಕರೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು, ಪಾಪ, ಮಾತು ಬಾರದ ಹೆಂಗಸಿರಬೇಕು ಅಂದುಕೊಂಡು ಕೈಸನ್ನೆ ಮಾಡಲು ಹೋಗುತ್ತಿದ್ದರು. "ಕೈ ಯಾಕೆ ಹಾಗೆ ಆಡಿಸ್ತೀಯ, ಸೊಳ್ಳೆ ಓಡಿಸ್ತಿದ್ದೀಯಾ?" ಎಂದು ಅವಳು ಬಾಯಿ ತೆರೆದಾಗಲೇ ಅವರಿಗೆ ತಿಳಿಯುತ್ತಿದ್ದುದು, ಹೆಸರು ಬಂದದ್ದು ಮೂಗಿನ ಚುರುಕಿನಿಂದ ಎಂದು.

ಅವಳ ಕೆಲಸ ಬಾಟಲಿ ಮೂಸುವುದು. ಅಂಗಡಿಗಳಿಂದ ವಾಪಸು ಬಂದ ಖಾಲಿ ಬಾಟಲಿಗಳು ಬಿಸಿನೀರಿನ ಯಂತ್ರದಲ್ಲಿ ತೊಳೆಸಿಕೊಂಡು, ಓಡುವ ಪಟ್ಟಿಯ ಮೇಲೆ ಸಾಲಾಗಿ ಬರುತ್ತಿದ್ದವು. ಜನ ಖಾಲಿ ಬಾಟಲಿಯಲ್ಲಿ ಏನು ತಾನೇ ತುಂಬಿಡುವುದಿಲ್ಲ? ಸೀಮೆಎಣ್ಣೆ, ಫಿನಾಯಿಲ್, ಬಣ್ಣ ತೆಗೆಯುವ ಎಣ್ಣೆ. ಎಷ್ಟು ತೊಳೆದರೂ ಗಾಜಿನೊಳಗೆ ಒಂದೆಳೆ ವಾಸನೆ ಕೂತೇ ಇರುತ್ತದೆ. ಮೂಗಮ್ಮ ಬಾಟಲಿಯ ಬಾಯಿಯನ್ನು ಮೂಗಿನ ಕೆಳಗೆ ಒಂದು ಕ್ಷಣ ಹಿಡಿದು, ಬಲಕ್ಕೋ ಎಡಕ್ಕೋ ಸರಿಸುತ್ತಿದ್ದಳು. ಬಲಕ್ಕೆ ಹೋದದ್ದು ವೈನ್ ತುಂಬಲು, ಎಡಕ್ಕೆ ಹೋದದ್ದು ಗಾಜು ಕರಗಿಸಲು. ಇಪ್ಪತ್ತಾರು ವರ್ಷ ಹೀಗೆ ನಡೆದಿತ್ತು. ಪೀಪಾಯಿಯೊಂದು ಹುಳಿ ತಿರುಗುತ್ತಿದ್ದರೆ ಪ್ರಯೋಗಾಲಯದವರಿಗಿಂತ ಮೊದಲು ಬಾಗಿಲ ಬಳಿ ನಿಂತೇ ಅವಳು ಹೇಳಿಬಿಡುತ್ತಿದ್ದಳು.

ಇಂಥ ಮೂಗಿನಿಂದ ಹುಟ್ಟಿದ್ದು ಸಿಪ್ಪೆನೀರು.

ದ್ರಾಕ್ಷಿ ಹಿಂಡಿದ ಮೇಲೆ ಹಿಂಡುಯಂತ್ರದ ತಳದಲ್ಲಿ ಸಿಪ್ಪೆ ಬೀಜಗಳ ಮುದ್ದೆ ಉಳಿಯುತ್ತದೆ. ಅದನ್ನು ಹಿತ್ತಲಿನ ಗುಂಡಿಗೆ ಸುರಿಯುತ್ತಿದ್ದರು. ಕೆಲಸಗಾರರು ಹಿಂದಿನಿಂದಲೂ ಆ ಮುದ್ದೆಗೆ ನೀರು ಹಾಕಿ, ಇನ್ನೊಮ್ಮೆ ಹಿಂಡಿ, ಹುಳಿಯಾದ ಒಂದು ತೆಳ್ಳನೆಯ ಪಾನೀಯ ಮಾಡಿಕೊಂಡು ಹಿಂಡುವ ಕೆಲಸ ಮುಗಿದ ದಿನ ಅಂಗಳದಲ್ಲಿ ಕೂತು ಕುಡಿಯುತ್ತಿದ್ದರು. ಪೀಪಾಯಿ ಕಟ್ಟುವ ಮುದುಕ, ಎಲ್ಲರೂ ಪೀಪಾಯಿ ಮಾವ ಎಂದು ಕರೆಯುವವನು, ಅದನ್ನು ಬಾಯಿಗಿಟ್ಟಾಗಲೆಲ್ಲ ಮುಖ ಕಿವುಚುತ್ತಿದ್ದ. "ಇದು ಸಿಪ್ಪೆನೀರಲ್ಲ ಕಣ್ರೋ, ಸಪ್ಪೆನೀರು."

ಆ ಸಪ್ಪೆಯನ್ನು ಹೋಗಲಾಡಿಸಲು ಮೂಗಮ್ಮನಿಗೆ ಆರು ವರ್ಷ ಬೇಕಾಯಿತು. ಅವಳು ಕುಡಿಯುವವಳಲ್ಲ, ಚಮಚದಲ್ಲಿ ನಾಲಿಗೆಗೆ ಮುಟ್ಟಿಸಿ ಉಗಿಯುವವಳು. ಮೊದಲ ವರ್ಷ ಸಿಪ್ಪೆ ಮೂರು ದಿನ ನೆನೆಯಿತು, ಕಹಿಯಾಯಿತು. ಒಂದೂವರೆ ದಿನ ಸಾಕೆಂದು ಕಂಡುಕೊಂಡಳು. ಆಮೇಲೆ ಜಜ್ಜಿದ ಶುಂಠಿ. ಕಿತ್ತಳೆ ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ ಹಾಕಬೇಕು, ಬಿಸಿಲಲ್ಲಿ ಒಣಗಿಸಿದರೆ ಪರಿಮಳ ಸಾಯುತ್ತದೆ. ಬಾಟಲಿಗೆ ತುಂಬುವಾಗ ಒಂದೊಂದಕ್ಕೂ ಇಷ್ಟೇ ಎಂದು ಅಳೆದು ಜೇನು. ಹೆಚ್ಚಾದರೆ ಬಾಟಲಿ ಸಿಡಿಯುತ್ತದೆ. ಒಂದು ವರ್ಷ ಅವಳ ಅಡುಗೆಮನೆಯಲ್ಲಿ ಏಳು ಬಾಟಲಿ ಒಂದರ ಹಿಂದೊಂದು ಸಿಡಿದು, ಟೈಲರ್ ಗಂಡ ಹೊಲಿಗೆಯಂತ್ರದ ಕೆಳಗೆ ತೂರಿಕೊಂಡಿದ್ದ. ಕೊನೆಗೆ ಸಿಕ್ಕಿದ್ದು ತಿಳಿಗೆಂಪು ಬಣ್ಣದ, ನೊರೆಯೇಳುವ, ತಲೆಗೇರದ ಒಂದು ಪಾನೀಯ. ಗುಟುಕು ಇಳಿದ ಮೇಲೆ ಶುಂಠಿ ಗಂಟಲಲ್ಲಿ ಮೆಲ್ಲಗೆ ಎದ್ದು ಕೂರುತ್ತಿತ್ತು. ಪೀಪಾಯಿ ಮಾವ ಮೊದಲ ಲೋಟ ಕುಡಿದು ಮುಖ ಕಿವುಚಲಿಲ್ಲ. ಸುಮ್ಮನೆ ಲೋಟ ಮತ್ತೆ ಮುಂದೆ ಚಾಚಿದ.

ಆಗ ಕಾರ್ಖಾನೆ ನಡೆಸುತ್ತಿದ್ದವರು ಹಳೇ ಯಜಮಾನರು. ಗುಂಡಿಗೆ ಹೋಗುವ ಸಿಪ್ಪೆಯನ್ನು ಮೂಗಮ್ಮ ಬಕೆಟ್ಟಿನಲ್ಲಿ ಮನೆಗೆ ಒಯ್ದಳೆಂದು ಗೊತ್ತಾದಾಗ ಅವರು ಅವಳನ್ನು ಗೇಟಿನಲ್ಲಿ ತಡೆದು, ಎಲ್ಲರೆದುರು ಬಕೆಟ್ಟನ್ನು ನೆಲಕ್ಕೆ ಬೋರಲು ಹಾಕಿಸಿದರು. "ಇವತ್ತು ಸಿಪ್ಪೆ, ನಾಳೆ ಪೀಪಾಯಿ" ಎಂದು ಗದರಿ, ಮೂರು ದಿನ ಕೆಲಸಕ್ಕೆ ಬರಕೂಡದೆಂದರು. ಕಳ್ಳಿ ಎನಿಸಿಕೊಂಡು ಮನೆಗೆ ನಡೆದ ಆ ದಾರಿಯನ್ನು ಅವಳು ಮರೆಯಲಿಲ್ಲ. ಆದರೂ ಸಿಪ್ಪೆ ಬಿಡಲಿಲ್ಲ. ಅವರು ಸತ್ತು ಮಗ ಯಜಮಾನರಾದ ಮೇಲೆ ಯಾರೂ ತಡೆಯಲೂ ಇಲ್ಲ.

ಹೀಗಿರುವಾಗ ಒಂದು ವರ್ಷ, ಹಿಂಡುವ ಕೆಲಸ ಮುಗಿದ ದಿನವೇ, ಪತ್ರಿಕೆಯವಳೊಬ್ಬಳು ಬಂದಳು. ವರ್ಷಾಂತ್ಯದ ಸಂಚಿಕೆಗೆ ಯಾರೂ ಕೇಳರಿಯದ ಪಾನೀಯಗಳನ್ನು ಹುಡುಕಿಕೊಂಡು ಹೊರಟವಳು. ಹಳೇ ಯಜಮಾನರ ಮೊಮ್ಮಗ, ಅಂದರೆ ಚಿಕ್ಕ ಯಜಮಾನ, ತಂಪು ಕೋಣೆಯಲ್ಲಿ ಅವಳ ಮುಂದೆ ದುಬಾರಿ ಬಾಟಲಿಗಳನ್ನು ಸಾಲಾಗಿಟ್ಟ. ಅವಳು ಒಂದೊಂದನ್ನೂ ಗುಟುಕರಿಸಿ, ಚೆನ್ನಾಗಿದೆ ಎಂದು ಆಕಳಿಸಿದಳು. ಕಿಟಕಿಯಾಚೆ ಅಂಗಳದಲ್ಲಿ ಕೆಲಸಗಾರರು ಸ್ಟೀಲಿನ ಲೋಟ ಹಿಡಿದು ನಗುತ್ತಿದ್ದುದು ಕಂಡದ್ದೇ ಎದ್ದು ಅಲ್ಲಿಗೆ ಬಂದಳು.

"ಏನಿದು? ನನಗೂ ಸ್ವಲ್ಪ ಕೊಡ್ತೀರಾ?"

ಮೂಗಮ್ಮನೇ ಬಗ್ಗಿಸಿ ಕೊಟ್ಟಳು. ಪತ್ರಿಕೆಯವಳ ಕಣ್ಣರಳಿತು. "ಅಯ್ಯೋ! ಇದನ್ನ ಮಾಡಿದ್ದು ಯಾರು?"

ಮೂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕ ಯಜಮಾನ, "ಇದಾ? ಇದು ನಮ್ಮ ತಾತನ ಕಾಲದಿಂದ ಬಂದಿದ್ದು" ಎಂದು ಪತ್ರಿಕೆಯವಳನ್ನು ಒಳಗೆ ಕರೆದುಕೊಂಡು ಹೋದ.

ಗಡಿಬಿಡಿಯಲ್ಲಿ ಬಾಯಿ ತಪ್ಪಿರಬೇಕು ಎಂದುಕೊಂಡಳು ಮೂಗಮ್ಮ. ಮರುವಾರ ಅವನೇ ಬಂದು, ಕ್ರೇಟು ಬೋರಲು ಹಾಕಿ ಅವಳ ಪಕ್ಕ ಕೂತು, "ಅಕ್ಕ, ಅದನ್ನ ಹೇಗೆ ಮಾಡ್ತೀರಿ, ಸ್ವಲ್ಪ ಹೇಳಿಕೊಡಿ" ಎಂದಾಗ ಅವಳಿಗೆ ಸಂತೋಷವೇ ಆಯಿತು. ಯಜಮಾನರ ಮನೆಯವರು ಅವಳ ಪಕ್ಕ ಕೂತದ್ದು ಅದೇ ಮೊದಲು. ಒಂದೂವರೆ ದಿನದ ಲೆಕ್ಕ, ನೆರಳಲ್ಲಿ ಒಣಗಿಸುವ ಕಿತ್ತಳೆ, ಜೇನಿನ ಅಳತೆ, ಒಂದನ್ನೂ ಮುಚ್ಚಿಡದೆ ಹೇಳಿದಳು. ಅವನು ಫೋನಿನಲ್ಲಿ ಬರೆದುಕೊಂಡ. ದೊಡ್ಡ ತೊಟ್ಟಿಯಲ್ಲಿ ಮೊದಲ ಸಲ ಮಾಡುವಾಗ ಅವಳನ್ನೇ ಕರೆದು ಮೂಸಿಸಿದ. "ಇನ್ನೊಂದು ಚೂರು ಶುಂಠಿ" ಎಂದಳು. ಹಾಕಿದರು.

ನಾಲ್ಕು ತಿಂಗಳಾದ ಮೇಲೆ ಲೇಬಲ್ ಅಂಟಿಸುವ ಮೇಜಿಗೆ ಹೊಸ ಸುರುಳಿ ಬಂತು. ಅಲ್ಲಿ ಜನ ಕಡಿಮೆಯಿದ್ದುದರಿಂದ ಆ ಬೆಳಿಗ್ಗೆ ಮೂಗಮ್ಮನನ್ನೂ ಕೂರಿಸಿದ್ದರು. ಮೊದಲ ಲೇಬಲ್ ಬಿಡಿಸಿ ಕೈಗೆತ್ತಿಕೊಂಡವಳು ಹಾಗೇ ಕೂತುಬಿಟ್ಟಳು. ಹಳೇ ಯಜಮಾನರು ಮೀಸೆ ತಿರುವಿಕೊಂಡು ಅವಳನ್ನೇ ನೋಡುತ್ತಿದ್ದರು. ಮೇಲೆ ಬಂಗಾರದ ಅಕ್ಷರದಲ್ಲಿ 'ತಾತನ ಗುಟ್ಟು'. ಕೆಳಗೆ ಸಣ್ಣಕ್ಷರದಲ್ಲಿ, ತಾತನವರ ಹಳೆಯ ಡೈರಿಯಲ್ಲಿ ದೊರೆತ ಅಪರೂಪದ ವಿಧಾನದಿಂದ ತಯಾರಿಸಿದ್ದು.

ಪಕ್ಕದಲ್ಲಿ ಪತ್ರಿಕೆಯೂ ಬಿದ್ದಿತ್ತು. 'ನಾವು ಕಂಡುಹಿಡಿದ ಹತ್ತು ಅಪರೂಪದ ಪಾನೀಯಗಳು.' ಬೀಟ್‌ರೂಟಿನ ವೈನ್, ಹೊಗೆಯಾಡಿಸಿದ ಬಾರ್ಲಿಯ ಬಿಯರ್, ಗುಲಾಬಿ ಹಾಕಿದ ಜೇನುಮದ್ಯ, ಹಬ್ಬಕ್ಕೆಂದು ಬಿಸಿಮಾಡಿ ಕುಡಿಯುವ, ಸೇಬಿನ ರಸದ ಮಸಾಲೆ ಸೈಡರ್. ಐದನೆಯದು ತಾತನ ಗುಟ್ಟು. ಪ್ರತಿಯೊಂದರ ಪಕ್ಕದಲ್ಲೂ ಯಾರೋ ಒಬ್ಬ ಇಸ್ತ್ರಿ ಅಂಗಿಯವನ ಫೋಟೊ. ಮೂಗಮ್ಮನಿಗೆ ತನ್ನದಷ್ಟೇ ಅಲ್ಲ, ಹತ್ತೂ ಪಾನೀಯಗಳ ಮೇಲೆ ಅನುಮಾನ ಹುಟ್ಟಿತು. ಆ ಬೀಟ್‌ರೂಟಿನ ಹಿಂದೆ ಯಾವ ಹೆಂಗಸಿನ ಕೆಂಪಾದ ಬೆರಳುಗಳಿವೆಯೋ! ಕಂಡುಹಿಡಿದರಂತೆ, ಕಂಡು! ಕಳೆದುಹೋಗಿದ್ದರೆ ತಾನೇ ಹುಡುಕುವುದು? ಇಷ್ಟು ವರ್ಷ ಅಂಗಳದಲ್ಲಿ ಎಲ್ಲರ ಕಣ್ಣೆದುರಿಗೇ ಇತ್ತಲ್ಲ!

ಲೇಬಲ್ ಹಿಡಿದುಕೊಂಡೇ ಅವಳು ಆಫೀಸಿಗೆ ನುಗ್ಗಿದಳು.

"ಇದು ಯಾರು?"

ಚಿಕ್ಕ ಯಜಮಾನ ನಕ್ಕ. "ನಮ್ಮ ತಾತ, ಅಕ್ಕ. ನಿಮಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು? ಸಿಪ್ಪೆ ಕದ್ದಳು ಅಂತ ನನ್ನ ಬಕೆಟ್ ಬೋರಲು ಹಾಕಿಸಿದ ಪುಣ್ಯಾತ್ಮರು. ಅವರಿಗೆ ಡೈರಿ ಬೇರೆ ಇತ್ತಾ? ಆ ದಿನದ ಪುಟ ಸ್ವಲ್ಪ ತೆಗೀರಿ, ಏನು ಬರ್ದಿದ್ದಾರೆ ನೋಡೋಣ."

"ಅಕ್ಕ, ಸಿಟ್ಟಾಗಬೇಡಿ. ಇದು ವ್ಯಾಪಾರ. ಜನ ಬರೀ ಬಾಟಲಿ ಕೊಳ್ಳಲ್ಲ, ಜೊತೆಗೊಂದು ಕಥೆ ಬೇಕು ಅವರಿಗೆ."

"ಕಥೆ ಬೇಕಾದ್ರೆ ನಿಜವಾದದ್ದೇ ಇದೆಯಲ್ಲ ಸಾರ್! ಅದನ್ನ ಬರೆಯೋಕೆ ನಿಮ್ಮ ಶಾಯಿ ಖರ್ಚಾಗ್ತಿತ್ತಾ?"

ಸಂಜೆ ಅವಳ ಮನೆಗೆ ರಿಬ್ಬನ್ ಕಟ್ಟಿದ ಡಬ್ಬವೊಂದು ಬಂತು. ಬಿಚ್ಚಿ ನೋಡಿದರೆ ತಾತನ ಗುಟ್ಟು, ಆರು ಬಾಟಲಿ. ಅವಳದನ್ನೇ ಅವಳಿಗೆ ಉಡುಗೊರೆ! ಮೂಗಮ್ಮ ಡಬ್ಬವನ್ನು ಬಾಗಿಲಾಚೆ ಇಟ್ಟು ಬಂದಳು.

ಗಂಡ ಕಾಜ ಹೊಲಿಯುತ್ತಾ, "ಬಿಡೇ ಅತ್ಲಾಗೆ. ನಾಲ್ಕು ದಿನ ಹೋದ್ರೆ ಸಿಟ್ಟು ತಾನಾಗಿ ಇಳಿಯುತ್ತೆ" ಎಂದ.

"ಇಳಿಯೋಕೆ ಇದೇನು ಜ್ವರ ಏನ್ರೀ? ನೀವು ಹೊಲಿದ ಕೋಟನ್ನ ಪಕ್ಕದ ಬೀದಿಯವನು ತಾನು ಹೊಲಿದೆ ಅಂದ್ರೆ ಸುಮ್ನಿರ್ತೀರಾ?"

ಗಂಡ ಸೂಜಿ ನಿಲ್ಲಿಸಿ ಸ್ವಲ್ಪ ಯೋಚಿಸಿದ. "ಇಲ್ಲ" ಎಂದು ಒಪ್ಪಿಕೊಂಡ.

ಅದು ಅಷ್ಟಕ್ಕೇ ನಿಂತಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಮುಂದಿನ ಹಿಂಡುವ ಕಾಲ ಬಂದಾಗ ಸಿಪ್ಪೆಯ ಗುಂಡಿಗೆ ಹೊಸ ಕಬ್ಬಿಣದ ಮುಚ್ಚಳ ಬಂದಿತ್ತು, ಅದಕ್ಕೊಂದು ಬೀಗ. ಪೀಪಾಯಿ ಮಾವ ಏದುಸಿರು ಬಿಡುತ್ತಾ ಬಂದು ಸುದ್ದಿ ಹೇಳಿದ.

"ಒಂದು ಹಿಡಿ ಸಿಪ್ಪೆ ಹೊರಗೆ ಹೋಗಬಾರದಂತೆ ಕಣಮ್ಮ. ಪೂರ್ತಿ ದೊಡ್ಡ ತೊಟ್ಟಿಗೇ ಅಂತೆ. ಬೇಡಿಕೆ ಜಾಸ್ತಿಯಾಗಿದೆಯಂತೆ."

"ಮತ್ತೆ ನಮ್ಮ ಅಂಗಳಕ್ಕೆ?"

"ಬೇಕಾದ್ರೆ ಅಂಗಡೀಲಿ ಕೊಂಡ್ಕೊಳ್ಳಿ ಅಂದ್ರು."

ಹೆಸರು ಹೋಯಿತು ಅಂದುಕೊಂಡಿದ್ದಳು ಮೂಗಮ್ಮ, ಈಗ ಲೋಟವೂ ಹೋಯಿತು. ಕಸವಾಗಿದ್ದಾಗ ಕದ್ದೆ ಎಂದರು, ಬೆಲೆ ಬಂದಾಗ ನಮ್ಮದು ಎಂದರು. ಹಾಗಾದರೆ ಅದು ಕೆಲಸಗಾರರದಾಗಿದ್ದುದು ಯಾವಾಗ?

ಮಾರನೆಯ ಬೆಳಿಗ್ಗೆ ಬಾಟಲಿಗಳು ಸಾಲಾಗಿ ಬಂದವು. ಮೂಗಮ್ಮ ಕೈಕಟ್ಟಿ ಕೂತಳು.

ಮೇಲ್ವಿಚಾರಕ ಓಡಿಬಂದ. "ಯಾಕಮ್ಮ, ಹುಷಾರಿಲ್ವಾ?"

"ನೆಗಡಿ. ವಾಸನೆ ಗೊತ್ತಾಗ್ತಿಲ್ಲ."

ಅವನು ಪಕ್ಕದವಳನ್ನು ಕೂರಿಸಿದ. ಅವಳು ಒಂದು ಬಾಟಲಿಯನ್ನು ಬಹಳ ಶ್ರದ್ಧೆಯಿಂದ ಮೂಸಿ, "ನನಗೂ ನೆಗಡಿ ಸಾರ್" ಎಂದಳು. ಮಧ್ಯಾಹ್ನದ ಹೊತ್ತಿಗೆ ಆ ವಿಭಾಗದ ಹನ್ನೊಂದು ಮಂದಿಗೂ ಒಟ್ಟಿಗೇ ನೆಗಡಿ ಹತ್ತಿತ್ತು. ಒಬ್ಬರೂ ಸೀನಲಿಲ್ಲ ಎನ್ನುವುದು ಬೇರೆ ಮಾತು. ಹಠ ಹಿಡಿದು ಚಿಕ್ಕ ಯಜಮಾನ ತಾನೇ ಮೂಸಲು ನಿಂತು ನೂರು ಬಾಟಲಿ ಬಲಕ್ಕೆ ಸರಿಸಿದ. ಮೂಗಮ್ಮ ಕೂತಲ್ಲಿಂದಲೇ, "ಮೂರನೇ ಸಾಲಿನ ಹಸಿರು ಬಾಟಲಿ, ಸೀಮೆಎಣ್ಣೆ" ಎಂದಳು. ಅವನು ಮತ್ತೆ ಮೂಸಿ ನೋಡಿದ. ಮುಖ ಸಣ್ಣದಾಯಿತು. "ನೆಗಡಿ ಅಂದ್ರಲ್ಲ!"

"ಬಂದು ಬಂದು ಹೋಗುತ್ತೆ."

ಮೂರನೆಯ ದಿನ ಅವನ ತಂದೆ, ಈಗ ಮೊಣಕಾಲು ನೋವಿನಿಂದ ಮನೆ ಹಿಡಿದಿದ್ದ ಯಜಮಾನರು, ಕೋಲೂರಿಕೊಂಡು ಬಂದರು. ಎಲ್ಲರೂ ಎದ್ದು ನಿಂತರು. ಅವರು ಒಂದು ಸ್ಟೂಲಿನ ಮೇಲೆ ಕೂತು, "ಏನಮ್ಮಾ ನಿನ್ನ ಸಿಟ್ಟು?" ಎಂದರು.

"ನಿಮ್ಮ ತಂದೆಯವರು ಸಿಪ್ಪೆನೀರು ಕುಡಿದದ್ದು ನೀವು ಯಾವತ್ತಾದ್ರೂ ನೋಡಿದ್ದೀರಾ? ನನಗೆ ಅದೊಂದನ್ನ ಹೇಳಿಬಿಡಿ."

ಯಜಮಾನರು ಮಗನತ್ತ ನೋಡಲಿಲ್ಲ. ಕೋಲಿನ ತುದಿಯಿಂದ ಒದ್ದೆ ನೆಲವನ್ನು ಕೆರೆಯುತ್ತಾ ಕೂತು, ಕೊನೆಗೆ ಹೇಳಿದರು. "ಅಪ್ಪ ಅದನ್ನ ಬಾಯಿಗೆ ಇಟ್ಟವರಲ್ಲ. ಕುಡೀತಿದ್ದದ್ದು ನಾನು. ಪೀಪಾಯಿಗಳ ಹಿಂದೆ ಅವಿತುಕೊಂಡು, ನೀನೇ ಕೊಟ್ಟ ಲೋಟದಲ್ಲಿ."



ಪ್ರತಿ ವರ್ಷದ ಕೊನೆಯ ಹಿಂಡಿಕೆಯ ಸಿಪ್ಪೆ ಪೂರ್ತಿ ಕೆಲಸಗಾರರಿಗೇ ಎಂದು ಅವರು ಅಲ್ಲೇ ಬರೆದು ಸಹಿ ಹಾಕಿದರು. ಕಾಗದವನ್ನು ಪೀಪಾಯಿ ಮಾವ ಮಡಿಸಿ ಅಂಗಿಯೊಳಗೆ ಇಟ್ಟುಕೊಂಡ. ಲೇಬಲ್ಲಿನ ಮಾತು ಬಂದಾಗ, "ಬದಲಾಯಿಸ್ತೀವಿ" ಎಂದ ಚಿಕ್ಕ ಯಜಮಾನ, ಹಲ್ಲು ಕಚ್ಚಿಕೊಂಡು.

ಬದಲಾಯಿಸಿದ್ದೂ ನಿಜ. ಎರಡು ತಿಂಗಳಿಗೆ ಬಂದ ಹೊಸ ಲೇಬಲ್ಲಿನಲ್ಲಿ ತಾತ ಇರಲಿಲ್ಲ. ಬುಟ್ಟಿ ಹಿಡಿದು, ಕೂದಲು ಹಾರಿಸಿಕೊಂಡು ನಗುವ ಇಪ್ಪತ್ತರ ಚೆಲುವೆಯೊಬ್ಬಳಿದ್ದಳು. ದುಡಿಯುವ ಕೈಗಳ ಕಾಣಿಕೆ ಎಂದು ಕೆಳಗೆ ಬರೆದಿತ್ತು. ಆ ಕೈಗಳ ಉಗುರಿಗೆ ಬಣ್ಣವಿತ್ತು. ಮೂಗಮ್ಮ ಬಿಸಿನೀರಿನಲ್ಲಿ ನೆನೆನೆನೆದು ಸುಕ್ಕುಗಟ್ಟಿದ ತನ್ನ ಬೆರಳುಗಳನ್ನು ಪಕ್ಕದಲ್ಲಿಟ್ಟು ನೋಡಿ, "ಇವಳಿಗೆ ಒಂದು ಬಾಟಲಿ ಮೂಸೋಕೆ ಕೊಡಿ" ಎಂದಷ್ಟೇ ಹೇಳಿದಳು. ಆಮೇಲೆ ಆ ಲೇಬಲ್ ಅಂಟಿಸುವ ಮೇಜಿನ ಹತ್ತಿರ ಅವಳು ಸುಳಿಯಲಿಲ್ಲ. ಕರೆದರೂ ಹೋಗಲಿಲ್ಲ.

ಆ ವರ್ಷ ಅಂಗಳದಲ್ಲಿ ಸಿಪ್ಪೆನೀರು ಎಂದಿನಂತೆ ನೊರೆಯೆದ್ದಿತು. ಚಿಕ್ಕ ಯಜಮಾನನೂ ಸಂಕೋಚದಿಂದ ಲೋಟ ಹಿಡಿದು ಸಾಲಿನಲ್ಲಿ ನಿಂತ. ಅವನ ಸರದಿ ಬಂದಾಗ ಮೂಗಮ್ಮ ಬಾಟಲಿ ಬಗ್ಗಿಸದೆ ಕೇಳಿದಳು. "ಇದು ಯಾರದ್ದು?"

ಅವನು ನಾಲ್ಕೂ ಕಡೆ ನೋಡಿದ. "ನಿಮ್ಮದು, ಅಕ್ಕ."

"ನನ್ನೊಬ್ಬಳದ್ದಲ್ಲ. ಇವರೆಲ್ಲರದ್ದೂ ಅನ್ನಿ."

"ನಿಮ್ಮೆಲ್ಲರದ್ದು."

ಲೋಟ ತುಂಬಿಸಿ ಕೊಟ್ಟಳು. ಅದರಿಂದ ಅವಳ ಸಿಟ್ಟು ಇಳಿಯಿತೆಂದು ತಿಳಿದವರು ಅವಳನ್ನು ಅರಿತವರಲ್ಲ. ಕೆಲಸದಿಂದ ನಿವೃತ್ತಳಾದ ಮೇಲೂ, ಅಂಗಡಿಗೆ ಸಕ್ಕರೆಗೋ ಸೋಪಿಗೋ ಹೋದಾಗ, ಕಪಾಟಿನಲ್ಲಿ ಆ ಬಾಟಲಿಗಳು ಕಂಡರೆ ಒಂದೊಂದನ್ನೇ ತೆಗೆದು, ಚೆಲುವೆಯ ಮುಖ ಗೋಡೆಯ ಕಡೆಗೆ ತಿರುಗಿಸಿ ಇಡುತ್ತಾಳೆ. ಅಂಗಡಿಯವನು ಗೊಣಗುತ್ತಾ ಮತ್ತೆ ಇತ್ತ ತಿರುಗಿಸುತ್ತಾನೆ. ಮುಂದಿನ ವಾರ ಅವಳು ಬಂದು ಮತ್ತೆ ಅತ್ತ ತಿರುಗಿಸುತ್ತಾಳೆ.