ಮಂತ್ರಿ ಹೆಂಡತಿಯ ಕೈ

ಮೊನ್ನೆ ಗೌರಿ ಹಬ್ಬಕ್ಕೆ ಹೊಸ ಮೊರ ತಂದರು. ಹಸಿ ಬಿದಿರಿನ ಆ ವಾಸನೆ ಬಂದರೆ ನನಗೆ ಗೌರಮ್ಮನಿಗಿಂತ ಮೊದಲು ನಮ್ಮೆಜಮಾನರ ಕ್ಯಾಮೆರಾ ನೆನಪಾಗುತ್ತದೆ. ತಾಯಿ ಕ್ಷಮಿಸಬೇಕು.

ನಮ್ಮದು ಪಾಂಡವಪುರದಲ್ಲಿ ಚಿನ್ನಬೆಳ್ಳಿ ಕೆಲಸದ ಮನೆ. ಭಾವನವರು ಕುಲುಮೆ ಮುಂದೆ ಕೂತರೆ, ಇವರು ಮದುವೆ ವಿಡಿಯೋ ತೆಗೆಯಲು ಹೊರಟು, ತೊಂಬತ್ತರ ದಶಕದ ಕೊನೆಗೆ ಟಿವಿ ಸುದ್ದಿಯವರಾದರು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಎಲ್ಲಿ ಏನಾದರೂ ಓಡಬೇಕು, ಕ್ಯಾಸೆಟ್ಟನ್ನು ಬಸ್ಸಿನ ಡ್ರೈವರ್ ಕೈಲಿ ಕಳಿಸಬೇಕು. ಒಂದು ಸುದ್ದಿ ಆಗಲೇ ತಪ್ಪಿಸಿದ್ದರು. ಇನ್ನೊಂದು ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂತ ಆಫೀಸಿನವರು ಹೇಳಿಯಾಗಿತ್ತು.

ಅವತ್ತು ಹಿತ್ತಲಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಕನ್ನಂಬಾಡಿ ಕಟ್ಟೆ ತುಂಬಿತ್ತು, ಮಂತ್ರಿಗಳು ಹೆಂಡತಿ ಸಮೇತ ಬಾಗಿನ ಬಿಡಲು ಬಂದಿದ್ದರು. ಅದನ್ನು ತೆಗೆಯಲು ಹೋದ ಇವರು ಮುಖ ಸಣ್ಣಗೆ ಮಾಡಿಕೊಂಡು ಬಂದು ನಿಂತರು.

"ಬಾಗಿನ ಬಂದಿಲ್ಲ ಕಣೆ. ಬರೀ ನನ್ ಚಪ್ಪಲಿ ಬಂದದೆ."

ಆ ಕ್ಯಾಮೆರಾಗೆ ಇರುವುದು ಒಂದೇ ಗುಂಡಿ. ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ನಿಂತಿತು. ಮಂತ್ರಿಗಳು ಕಾರಿಂದ ಇಳಿದದ್ದೇನೋ ಬಂದಿತ್ತು. ಆಮೇಲಿನ ನೂಕುನುಗ್ಗಲಲ್ಲಿ ಇವರ ಲೆಕ್ಕ ತಿರುಗಾಮುರುಗಾ ಆಗಿ, ಬಾಗಿನ ಬಿಡುವಾಗ ನಿಂತಿದ್ದ ಕ್ಯಾಮೆರಾ, ಇವರು ಕೆಳಗೆ ಇಳಿಸಿಕೊಂಡು ನಡೆಯುವಾಗ ಶ್ರದ್ಧೆಯಿಂದ ಓಡಿತ್ತು.

"ಹಬ್ಬದ ಮೊರ ಅದೆಯಲ್ಲ, ತಗಂಡು ನಾಲೆಗೆ ಬಾ. ಮುಖ ಬ್ಯಾಡ, ಕೈ ಸಾಕು."

"ಮಂತ್ರಿ ಹೆಂಡ್ರು ಯಾವ ಬಣ್ಣದ ಸೀರೆ ಉಟ್ಟಿದ್ರು?"

"ನಂಗೇನ್ ಗೊತ್ತು? ಕ್ಯಾಮೆರಾ ಕಿಂಡೀಲಿ ಎಲ್ಲಾ ಕಪ್ಪು-ಬಿಳುಪೇಯ."

ನನಗಿದ್ದ ರೇಷ್ಮೆ ಸೀರೆ ಒಂದೇ, ಹಸಿರು. ಯೋಚನೆಯ ಕಷ್ಟವನ್ನು ದೇವರು ತಪ್ಪಿಸಿದ. ಬರಿಗೈ ಚೆನ್ನಾಗಿರದು ಅಂತ ಭಾವನವರು ಗಿರಾಕಿಗೆ ಮಾಡಿಟ್ಟಿದ್ದ ಬಳೆ ಕೊಟ್ಟರು, ತಾವೂ ಹಿಂದೆಯೇ ಬಂದರು. "ನೀರಿಗೆ ಬಿದ್ರೆ ನಿನ್ ಕ್ಯಾಮೆರಾ ಕರಗಿಸಿ ಬಳೆ ಮಾಡ್ತೀನಿ ಕಣ್ಲಾ" ಅಂತ ದಾರಿಯುದ್ದಕ್ಕೂ ತಮ್ಮನಿಗೆ ಹೇಳುತ್ತಿದ್ದರು.

ನಾಲೆಯಲ್ಲಿ ಹರಿಯುವುದೂ ಕಾವೇರಿಯೇ ಅಲ್ಲವೇ? ಅರಿಸಿನ ಕುಂಕುಮ, ಗಾಜಿನ ಬಳೆ, ಬಿಚ್ಚೋಲೆ, ಅಕ್ಕಿ ಬೇಳೆ ಎಲ್ಲಾ ಇಟ್ಟು, ಇವರ ಕೆಲಸ ಉಳಿಸು ತಾಯಿ ಎಂದು ಕಣ್ಣು ಮುಚ್ಚಿ ಮೊರ ಬಿಟ್ಟೆ. "ಕೆಂಪು ದೀಪ ಉರೀತಾ ಅದಾ ನೋಡ್ಲಾ" ಎಂದರು ಭಾವ. ಉರಿಯುತ್ತಿತ್ತು.

ಸಂಜೆ ಬೀದಿಯ ಅರ್ಧ ಜನ ನಮ್ಮ ನಡುಮನೆಯಲ್ಲಿ. ಸುದ್ದಿಯಲ್ಲಿ ಮಂತ್ರಿ ಹೆಂಡತಿ ಕಾರಿಂದ ಇಳಿದರು, ಕೆಂಪು ಸೀರೆ. ಮರುಕ್ಷಣ ಬಾಗಿನ ಬಿಟ್ಟರು, ಹಸಿರು ಸೀರೆ. ಇವರು ಗೋಡೆ ಕಡೆ ತಿರುಗಿಕೊಂಡರು. ನಾನು ಕೈ ಎರಡನ್ನೂ ಸೆರಗಿನೊಳಗೆ ಬಚ್ಚಿಟ್ಟುಕೊಂಡೆ.

ಪಕ್ಕದ ಮನೆಯ ಅಜ್ಜಿ ತಲೆದೂಗಿತು. "ದೊಡ್ಡೋರು ನೋಡವ್ವ. ಪೂಜೆಗೆ ಅಂತ್ಲೇ ಬ್ಯಾರೆ ಸೀರೆ ಉಟ್ಕಂಡವ್ರೆ. ಆ ಕೈ ನೋಡು, ಒಂದ್ ದಿನಾನಾದ್ರೂ ಪಾತ್ರೆ ತಿಕ್ಕಿದ್ ಕೈಯಾ ಅದು?"

ಆಫೀಸಿನವರೂ ಅಜ್ಜಿಯಷ್ಟೇ ಸೂಕ್ಷ್ಮ ದೃಷ್ಟಿಯವರು. ಬಾಗಿನ ಚೆನ್ನಾಗಿ ಬಂದಿದೆ ಅಂತ ಮಾರನೆಯ ದಿನ ಫೋನು ಮಾಡಿದರು. ಕೆಲಸ ಉಳಿಯಿತು. ಪುಣ್ಯ ಮಂತ್ರಿಗಳ ಪಾಲಿಗೆ ಹೋಯಿತೋ ನನ್ನ ಪಾಲಿಗೆ ಬಂತೋ, ತಾಯಿಗಂತೂ ಆ ವರ್ಷ ಒಂದು ಬಾಗಿನ ಹೆಚ್ಚಿಗೆ ಸಿಕ್ಕಿತು.

ಈಗಲೂ ಟಿವಿಯಲ್ಲಿ ಯಾರಾದರೂ ಬಾಗಿನ ಬಿಟ್ಟರೆ ನಾನು ಮುಖ ನೋಡುವುದಿಲ್ಲ, ಉಗುರು ನೋಡುತ್ತೇನೆ. ಹುಣಸೆಹಣ್ಣಿನ ಕಲೆ ಕಂಡರೆ ಕೂತಲ್ಲೇ ಕೈ ಮುಗಿಯೋಣ ಅಂತ. ಇನ್ನೂ ಕಂಡಿಲ್ಲ. ಇರಲಿ, ಹೊಸ ಮೊರಕ್ಕೆ ಅರಿಸಿನ ಹಚ್ಚಿ ಒಣಗಲು ಇಡಬೇಕು.