ಹಿತಕವರೆ ಕಾಲದ ಒಂದು ಕೊಲೆ

ಟೀವಿಯಲ್ಲಿ ಪತ್ತೇದಾರಿ ಧಾರಾವಾಹಿ ಶುರುವಾಗುವ ಮುನ್ನ ನಾನು ಬಾಯಿಗೊಂದು ಅಡಿಕೆ ಹೋಳು ಹಾಕಿಕೊಳ್ಳತಕ್ಕದ್ದು, ಅದು ಮುಗಿಯುವವರೆಗೆ ತುಟಿ ಬಿಚ್ಚತಕ್ಕದ್ದಲ್ಲ ಎಂಬುದು ನಮ್ಮ ಮನೆಯಲ್ಲಿ ಜಾರಿಯಲ್ಲಿರುವ ಕಾನೂನು. ಹೊರಡಿಸಿದವಳು ನನ್ನ ಹೆಂಡತಿ. ಮೇಲ್ಮನವಿಗೆ ಅವಕಾಶವಿಲ್ಲ.

ಕಾನೂನು ಸುಮ್ಮನೆ ಬಂದದ್ದಲ್ಲ. ನನಗೊಂದು ಕಾಯಿಲೆಯಿದೆ. ತೆರೆಯ ಮೇಲೆ ಹೆಣ ಬಿದ್ದ ಸ್ವಲ್ಪ ಹೊತ್ತಿಗೇ ಕೊಂದವರು ಯಾರೆಂದು ಗೊತ್ತಾಗಿಬಿಡುತ್ತದೆ, ಗೊತ್ತಾದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಇದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ. ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸವೆದವನು. ಜಮೀನಿನ ಯಜಮಾನ ತೀರಿಕೊಂಡರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಖಾತೆಯ ಕೆಲಸವೇ ಬಹುಕಾಲ ನನ್ನ ಪಾಲಿಗಿತ್ತು. ನಮ್ಮೂರ ಪಕ್ಕ ವಿಮಾನ ಇಳಿಯತೊಡಗಿದ ಮೇಲೆ ರಾಗಿ ಹೊಲಕ್ಕೂ ದ್ರಾಕ್ಷಿ ತೋಟಕ್ಕೂ ಯಾರೂ ಕನಸಿನಲ್ಲೂ ಕಾಣದ ಬೆಲೆ ಬಂತು, ಜೊತೆಗೆ ಸತ್ತವರಿಗಾಗಿ ಅಳುವವರೂ ಹೆಚ್ಚಾದರು. ನನ್ನ ಮೇಜಿನ ಆಚೆ ನಿಂತು ಯಾರು ಎಲ್ಲರಿಗಿಂತ ಜೋರಾಗಿ ಬಿಕ್ಕುತ್ತಿದ್ದರೋ, ಅರ್ಜಿ ಅವರ ಕೈಯಲ್ಲೇ ಇರುತ್ತಿತ್ತು. ಅವರಲ್ಲಿ ಯಾರೂ ಕೊಲೆಗಾರರಲ್ಲ. ಅವರ ದುಃಖವೂ ನಿಜ, ಅರ್ಜಿಯೂ ನಿಜ. ಆದರೆ ಧಾರಾವಾಹಿ ಬರೆಯುವವರಿಗೆ ಅಷ್ಟು ಸೂಕ್ಷ್ಮ ತಿಳಿಯದು. ಹಾಗಾಗಿ ಹೆಣ ಬಿದ್ದ ಕೂಡಲೇ ಖಾತೆ ಯಾರ ಹೆಸರಿಗೆ ಹೋಗುತ್ತದೆ, ಹೆಚ್ಚು ಅಳುತ್ತಿರುವವರು ಯಾರು ಎಂದು ನೋಡಿಕೊಂಡರೆ ಮುಗಿಯಿತು.

ಒಮ್ಮೆ ದೊಡ್ಡಬಳ್ಳಾಪುರದ ಟಾಕೀಸಿನಲ್ಲಿ ಒಂದು ದೆವ್ವದ ಚಿತ್ರಕ್ಕೆ ಹೋಗಿದ್ದೆವು. ಬಿಳಿ ಸೀರೆಯ ಆಕೃತಿ ಬಾವಿಕಟ್ಟೆ ಹತ್ತಿದಾಗ ನಾನು ಹೆಂಡತಿಯ ಕಿವಿಯಲ್ಲಿ, "ದೆವ್ವ ಅಲ್ಲ ಕಣೇ, ಅವನ ತಮ್ಮ. ಮನೆ ಖಾಲಿ ಮಾಡಿಸೋಕೆ ಆಡ್ತಿರೋ ಆಟ" ಎಂದೆ. ಕಿವಿಯಲ್ಲಿ ಅಂದುಕೊಂಡದ್ದು ನನ್ನ ಭ್ರಮೆ. ಮುಂದಿನ ಸಾಲಿನ ಹುಡುಗ, ಪಕ್ಕದಲ್ಲಿ ಹೊಸ ಹೆಂಡತಿ, ತಿರುಗಿ ಕೈಮುಗಿದ. "ಗುರುಗಳೇ, ಉಳಿದಿದ್ದನ್ನೂ ಹೇಳ್ಬಿಡಿ. ಮನೆಗೆ ಹೊರಡ್ತೀವಿ, ಬಸ್ಸಾದ್ರೂ ಸಿಗುತ್ತೆ."

ಅಡಿಕೆಯ ಕಾನೂನು ಬಂದದ್ದು ಆ ದಿನ. ಅಲ್ಲಿಂದ ಇಲ್ಲಿಯವರೆಗೆ ನಾನು ಅದನ್ನು ಪಾಲಿಸಿದ್ದೇನೆ. ಒಂದು ಸಲ ಬಿಟ್ಟು. ಆ ಒಂದು ಸಲ ಬಾಯಲ್ಲಿ ಅಡಿಕೆ ಇರಲಿಲ್ಲ.

ನಮ್ಮ ಅತ್ತೆ, ಎಂದರೆ ಹೆಂಡತಿಯ ತಾಯಿ, ಅನುಗೊಂಡನಹಳ್ಳಿ ಕಡೆಯವರು. ಪ್ರತಿ ವರ್ಷ ಇಬ್ಬನಿ ಬಿದ್ದು ಅವರೆಕಾಯಿಗೆ ಸೊಗಡು ಬಂತೆಂದರೆ ಚೀಲದ ತುಂಬ ಕಾಯಿ ಹೊರಿಸಿಕೊಂಡು ನಮ್ಮ ದೇವನಹಳ್ಳಿ ಮನೆಗೆ ಬಂದುಬಿಡುತ್ತಾರೆ. ಹಳೆಯ ಕಾಲದವರು. ಅಳಿಯನ ಎದುರು ಕೂರುವವರಲ್ಲ, ನೇರವಾಗಿ ಮಾತಾಡುವವರೂ ಅಲ್ಲ. ನನ್ನ ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ ನಡೆದ ಮಾತನ್ನೆಲ್ಲ ಬರೆದರೆ ಒಂದು ಅಂಚೆ ಕಾರ್ಡು ಸಾಕು, ವಿಳಾಸಕ್ಕೂ ಜಾಗ ಉಳಿಯುತ್ತದೆ. "ಊಟ ಆಯ್ತಂತಾ ಕೇಳೇ" ಎಂದು ಅವರು ಮಗಳಿಗೆ ಹೇಳುತ್ತಿದ್ದರು. "ಆಯ್ತು ಅನ್ನು" ಎಂದು ನಾನೂ ಅವಳಿಗೇ ಹೇಳುತ್ತಿದ್ದೆ. ಮೂವರೂ ಒಂದೇ ಕೋಣೆಯಲ್ಲಿರುತ್ತಿದ್ದೆವು.

ಅಂಥ ಅತ್ತೆಯನ್ನು ಅಡುಗೆಮನೆಯ ಹೊಸ್ತಿಲು ದಾಟಿಸಿ ನಡುಮನೆಗೆ ತಂದದ್ದು ಆ ಧಾರಾವಾಹಿ. ಬೆಳಿಗ್ಗೆ ನೆನೆಹಾಕಿದ ಅವರೆಕಾಳಿನ ಬೇಸಿನ್ನು ಸಂಜೆ ಟೀವಿಯ ಮುಂದೆ ಬರುತ್ತಿತ್ತು. ಒಂದೊಂದೇ ಕಾಳನ್ನು ಬೆರಳ ನಡುವೆ ಹಿತಕಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪಾತ್ರೆಯಲ್ಲಿ. ಒಬ್ಬರೇ ಮಾಡುವ ಕೆಲಸವಲ್ಲ ಅದು, ಮಾಡಿದರೆ ಮುಗಿಯುವುದೂ ಇಲ್ಲ. ಪಕ್ಕದ ಮನೆಯಾಕೆಯೂ ಬರುತ್ತಿದ್ದಳು. ಅವಳ ಗಂಡನದು ಪೇಟೆಯಲ್ಲಿ ಪ್ಲೈವುಡ್ ಅಂಗಡಿ, ಮನೆಮಾತು ದಖ್ಖನಿ. ನನ್ನ ಹೆಂಡತಿ ಅವಳನ್ನು "ಆಪಾ" ಅನ್ನುತ್ತಾಳೆ, ಅವಳು ಇವಳನ್ನು "ಅಕ್ಕಾ" ಅನ್ನುತ್ತಾಳೆ. ಇಬ್ಬರೂ ಇನ್ನೊಬ್ಬಳೇ ದೊಡ್ಡವಳೆಂದು ಪಟ್ಟು ಹಿಡಿದು ವರ್ಷಗಳಾದವು, ವಯಸ್ಸಿನ ವಿವಾದ ಇನ್ನೂ ಇತ್ಯರ್ಥವಾಗಿಲ್ಲ.

ಧಾರಾವಾಹಿಯ ಕಥೆ ಇಷ್ಟೇ. ದೊಡ್ಡ ಮನೆಯ ಯಜಮಾನ ಮಹಡಿಯಿಂದ ಬಿದ್ದು ಸಾಯುತ್ತಾನೆ. ಕುಡುಕ ಮಗನೊಬ್ಬ, ಕುಂಟುವ ತೋಟದಾಳು ಒಬ್ಬ, ಪಿಸುಮಾತಿನ ಡಾಕ್ಟರೊಬ್ಬ. ಮತ್ತೆ ಯಜಮಾನ ಸಾಕಿಕೊಂಡಿದ್ದ ತಾಯಿಯಿಲ್ಲದ ಹುಡುಗಿ, ಬಂದವರಿಗೆಲ್ಲ ಮಜ್ಜಿಗೆ ಕೊಡುವವಳು, ದಿನವೂ ಅಳುವವಳು.

ಆಪಾಳ ಅನುಮಾನ ತೋಟದಾಳಿನ ಮೇಲೆ. "ನೋಡಕ್ಕಾ, ಕುಂಟೋನು ಓಡೋವಾಗ ಕುಂಟಲ್ಲ! ನಾನ್ ನೋಡಿದೆ ಅಲ್ಲಾ ಕಸಮ್." ಹೆಂಡತಿಯದು ಡಾಕ್ಟರ ಮೇಲೆ. "ಮೆತ್ತಗೆ ಮಾತಾಡೋರನ್ನ ನಂಬಬಾರದು ಆಪಾ. ನಮ್ಮನೆಯವ್ರು ಅದಕ್ಕೇ ಜೋರಾಗಿ ಮಾತಾಡ್ತಾರೆ." ಅತ್ತೆಗೆ ಮಾತ್ರ ಕೊಲೆಗಾರನ ಚಿಂತೆ ಅಷ್ಟಿರಲಿಲ್ಲ. ಅವರು ನೋಡುತ್ತಿದ್ದದ್ದು ಆ ಹುಡುಗಿಯನ್ನು. ಅವಳು ಮಜ್ಜಿಗೆ ಲೋಟ ಹಿಡಿದು ಬಂದಾಗಲೆಲ್ಲ ಅತ್ತೆಯ ಕೈ ನಿಲ್ಲುತ್ತಿತ್ತು. "ಪಾಪ. ಅದಕ್ಕೆ ಏನೂ ಆಗದಿದ್ರೆ ಸಾಕು." ಅತ್ತೆಯೂ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದವರು. ಇದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಬೇಕಾದ ಹೊತ್ತಿಗೆ ನೆನಪಿಗೆ ಬರಲಿಲ್ಲ, ಅಷ್ಟೇ.

ನಡುನಡುವೆ ವಿಮಾನಗಳ ಕಾಟ. ಸಾಕ್ಷಿ ಬಾಯಿ ತೆರೆದು, "ಆ ದಿನ ಮಹಡಿ ಮೇಲೆ ನಾನು ಕಂಡದ್ದು..." ಎನ್ನುವ ಹೊತ್ತಿಗೆ ಸರಿಯಾಗಿ ಯಾವುದೋ ದೇಶಕ್ಕೆ ಹೋಗುವ ವಿಮಾನ ನಮ್ಮ ಹೆಂಚಿನ ಮೇಲೆ ಹಾದು ಅವನ ಹೇಳಿಕೆಯನ್ನು ನುಂಗುತ್ತಿತ್ತು. "ಏನಂದ? ಏನಂದ?" ಎಂದು ಮೂವರೂ ಕೂಗುತ್ತಿದ್ದರು. ನಾನು ಅಡಿಕೆ ಅಗಿಯುತ್ತ ಗೋಡೆ ನೋಡುತ್ತಿದ್ದೆ. ನನಗಂತೂ ಸಾಕ್ಷಿಯೇ ಬೇಕಿರಲಿಲ್ಲ.

ಹೀಗಿರುವಾಗ ಅತ್ತೆಯ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿನ ಆಸ್ಪತ್ರೆಯಲ್ಲಿ ದಿನ ಗೊತ್ತಾಯಿತು. ಆಪರೇಷನ್ ಆದ ಮೇಲೆ ಕೆಲವು ದಿನ ಟೀವಿ ನೋಡಬಾರದು, ಒಲೆ ಮುಂದೆ ಕೂರಬಾರದು ಎಂದರು ಡಾಕ್ಟರು. ಧಾರಾವಾಹಿಯ ಕಡೆಯ ವಾರವೂ ಅದೇ.

ಒಂದು ಬೆಳಿಗ್ಗೆ ನಾನು ಜಗಲಿಯ ಬಿಸಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಹೆಂಡತಿ ಆಪಾಳ ಮನೆಗೆ ಹೋಗಿದ್ದಳು. ಹಿಂದಿನಿಂದ, "ಅಳಿಯಂದ್ರೇ" ಎಂಬ ದನಿ ಬಂತು. ಯಾರನ್ನು ಕರೆಯುತ್ತಿದ್ದಾರೆಂದು ನಾನು ಆಚೀಚೆ ನೋಡಿದೆ.

ಬಾಗಿಲ ಪಕ್ಕ ಅತ್ತೆ ನಿಂತಿದ್ದರು. "ನಿಮಗೆ ಗೊತ್ತಲ್ವಾ?"

"ಏನತ್ತೆ?"

"ಅದೇ. ಕೊಂದಿದ್ದು ಯಾರು ಅಂತ."

ನಾನು ಸುಮ್ಮನಿದ್ದೆ. ಅಲ್ಲಿಯವರೆಗೆ ನನ್ನ ಮೇಲೆ ಯಾವ ಅಪವಾದವೂ ಇಲ್ಲ.

"ಕಣ್ಣಿಗೆ ಬಟ್ಟೆ ಕಟ್ಟಿರ್ತಾರೆ. ಇವರಿಬ್ರೂ ಇಲ್ಲಿ ಕೂತು ಅಯ್ಯೋ ಅಪ್ಪಾ ಅಂತಿರ್ತಾರೆ. ನಾನು ಒಳಗೆ ಗೋಡೆ ನೋಡ್ಕೊಂಡು ಬಿದ್ದಿರ್ಬೇಕು. ಅದೂ ಕಾಣದಿರೋ ಗೋಡೆ."

ಕಡೆಯ ಕಂತು ಮುಗಿದ ಮೇಲೆ ಮಗಳೇ ಹೋಗಿ ಹೇಳಬಹುದಿತ್ತು. ನಾನು ಹಾಗೆನ್ನಬಹುದಿತ್ತು. ಆದರೆ ಮದುವೆಯಾದಾಗಿನಿಂದ ಮೊದಲ ಬಾರಿಗೆ ಅತ್ತೆ ನೇರವಾಗಿ ನನ್ನನ್ನೊಂದು ಪ್ರಶ್ನೆ ಕೇಳಿದ್ದರು, ಅದೂ ನನಗೆ ಉತ್ತರ ಗೊತ್ತಿರುವ ಪ್ರಶ್ನೆ. ಇಂಥ ಯೋಗ ಒಬ್ಬ ಅಳಿಯನ ಬಾಳಿನಲ್ಲಿ ಎಷ್ಟು ಸಲ ಬರುತ್ತದೆ?

"ಆ ಸಾಕುಮಗಳು" ಎಂದೆ.

"ಮಜ್ಜಿಗೆ ಕೊಡೋ ಮಗೂನಾ?"

"ಅದೇ. ಯಜಮಾನ ತೋಟಾನ ಅವಳ ಹೆಸರಿಗೆ ಬರೆದಿದ್ದ. ಬದಲಾಯಿಸ್ತೀನಿ ಅಂತ ವಕೀಲರ ಹತ್ರ ಹೇಳಿದ ವಾರವೇ ಮಹಡಿಯಿಂದ ಬಿದ್ದ. ಎಲ್ಲರಿಗಿಂತ ಜಾಸ್ತಿ ಅಳೋಳೂ ಅವಳೇ. ನಾನು ನೋಡಿಲ್ವಾ ಇಂಥವನ್ನ."

"ತಾಯಿಲ್ಲದ್ದು ಅದು" ಎಂದರು ಅತ್ತೆ ಮೆಲ್ಲಗೆ.

"ತಾಯಿ ಇಲ್ಲದೋರೆಲ್ಲ ಒಳ್ಳೆಯವರೇ ಆಗಿರಬೇಕು ಅಂತ ಎಲ್ಲೂ ಬರೆದಿಲ್ವಲ್ಲ ಅತ್ತೆ" ಎಂದೆ ನಾನು. ತೀರ್ಪು ಓದುವ ಉತ್ಸಾಹದಲ್ಲಿ ನಗುತ್ತಲೇ ಅಂದೆ.

ಅತ್ತೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡರು. ಆಮೇಲೆ, "ನನಗೆ ಹೇಳಿದ್ರಿ ಅಂತ ಇವಳ ಹತ್ರ ಅನ್ಬೇಡಿ. ನಿಮ್ಮನ್ನ ಬೈತಾಳೆ" ಎಂದು ಹೇಳಿ ಒಳಗೆ ಹೋದರು.

ಆಸ್ಪತ್ರೆಗೆ ಹೋದದ್ದು ಸಂಕ್ರಾಂತಿ ಆದ ಹೊಸತರಲ್ಲಿ. ಬೀದಿಯವರು ಬೀರಿದ ಎಳ್ಳುಬೆಲ್ಲವೆಲ್ಲ ಅತ್ತೆಯ ಸೆರಗಿನ ಗಂಟಿನಲ್ಲಿತ್ತು, ಅಲ್ಲಿಂದ ಅದು ಎಲ್ಲಿಗೆ ಹೋಗುತ್ತಿತ್ತೆಂದು ಯಾರೂ ವಿಚಾರಿಸಿರಲಿಲ್ಲ. ರಕ್ತ ಪರೀಕ್ಷೆ ವಿಚಾರಿಸಿತು. ಸಕ್ಕರೆ ಇಳಿಯುವವರೆಗೆ ಕಣ್ಣು ಮುಟ್ಟುವುದಿಲ್ಲ, ಮುಂದಿನ ತಿಂಗಳು ಬನ್ನಿ ಎಂದು ಕಳಿಸಿಬಿಟ್ಟರು.

ವಾಪಸು ಬರುವಾಗ ಕಾರಿನಲ್ಲಿ ಹೆಂಡತಿಗೆ ಹಿಗ್ಗೋ ಹಿಗ್ಗು. "ಒಳ್ಳೇದೇ ಆಯ್ತು ಬಿಡಮ್ಮ! ಕಡೇ ವಾರ ನೀನೂ ನೋಡ್ಬಹುದು." ನಾನು ಡ್ರೈವರ್ ಪಕ್ಕ ಕೂತಿದ್ದೆ. ಮೇಲಿನ ಕನ್ನಡಿಯಲ್ಲಿ ಅತ್ತೆಯ ಮುಖ ಕಂಡಿತು. ಅವರು ನನ್ನನ್ನು ನೋಡಲಿಲ್ಲ. ಹಾಲಿವಾಣದ ಕೊಂಬೆಯ ಹಾಗೆ ಒಣಗಿದ ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಟೋಲ್ ಗೇಟು ನೋಡುತ್ತಿದ್ದರು.

ಆ ವಾರ ಸಂಜೆ ಬೇಸಿನ್ನು ಬಂತು, ಆಪಾ ಬಂದಳು, ಅತ್ತೆಯೂ ಬಂದರು. ಆದರೆ ನಡುಮನೆಗಲ್ಲ, ಹಳೆಯ ಜಾಗಕ್ಕೆ, ಹೊಸ್ತಿಲ ಆಚೆಗೆ. "ಇಲ್ಲೇ ಗಾಳಿ ಬರುತ್ತೆ" ಎಂದರು, ಆ ಚಳಿಯಲ್ಲಿ. ಹುಡುಗಿ ಮಜ್ಜಿಗೆ ಹಿಡಿದು ಬಂದಳು. ನಾನು ಕಾದೆ. "ಪಾಪ" ಎಂಬ ಮಾತು ಬರಲಿಲ್ಲ. ಮರುದಿನವೂ ಬರಲಿಲ್ಲ. ಅತ್ತೆ ತಲೆ ಬಗ್ಗಿಸಿ ಕಾಳು ಹಿತಕುತ್ತಿದ್ದರು, ಬೇಳೆ ಎರಡು ಹೋಳಾಗಿ ನುಜ್ಜಾಗುವಷ್ಟು ಬಿಗಿಯಾಗಿ.

"ಏನಮ್ಮ, ಬೇಳೆಯೆಲ್ಲ ಪುಡಿ ಆಗ್ತಿದೆ" ಎಂದಳು ಮಗಳು.

"ಅಜ್ಜಿಗೆ ಆ ಕುಂಟನ ಮೇಲೆ ಸಿಟ್ಟು" ಎಂದಳು ಆಪಾ. "ಹಿತಕಿ ಅಜ್ಜೀ, ಹಿತಕಿ ಅವನ್ನ!"

ನನಗೆ ಅಡಿಕೆ ಕಹಿಯಾಯಿತು. ಮರುದಿನ ಯಾರೂ ಇಲ್ಲದಾಗ ಅಡುಗೆಮನೆ ಬಾಗಿಲಿಗೆ ಹೋಗಿ ಗಂಟಲು ಸರಿಮಾಡಿಕೊಂಡೆ. "ಅತ್ತೆ, ಆ ವಿಷಯದಲ್ಲಿ ನನ್ನ ಲೆಕ್ಕ ತಪ್ಪಿರಬಹುದು. ಕೂತು ಯೋಚನೆ ಮಾಡಿದೆ. ತೋಟದವನೇ ಅನ್ಸುತ್ತೆ. ಕುಂಟೋನು ಓಡೋವಾಗ ಕುಂಟಲ್ಲ."

ಅತ್ತೆ ಸಾಸಿವೆ ಡಬ್ಬಿಯ ಮುಚ್ಚಳ ಹಾಕಿದರು. "ನೀವು ಯಾವಾಗ ತಪ್ಪಿದ್ದೀರಿ?" ಎಂದರು. ಹೊಗಳಿಕೆಯಲ್ಲ ಅದು. ಮತ್ತೆ ಡಬ್ಬಿಯನ್ನು ಗೂಡಿಗೆ ಸರಿಸುತ್ತ, "ಒಂದ್ಸಲ ತಪ್ಪಿದ್ರೆ ಚೆನ್ನಾಗಿತ್ತು" ಎಂದರು.

ಅಂದು ಸಂಜೆ ನಾನು ದೇವರ ಮನೆಯಲ್ಲಿ ನಿಂತು, ಜನ್ಮದಲ್ಲಿ ಮೊದಲ ಬಾರಿಗೆ ನನ್ನ ಲೆಕ್ಕ ತಪ್ಪಾಗಲೆಂದು ಬೇಡಿಕೊಂಡೆ. ಧಾರಾವಾಹಿ ಬರೆಯುವ ಪುಣ್ಯಾತ್ಮನಿಗೆ ಒಂದು ಮೋಸದ ಬುದ್ಧಿ ಕೊಡು, ಎಲ್ಲಿಂದಲಾದರೂ ಯಜಮಾನನ ಅವಳಿ ತಮ್ಮನೊಬ್ಬ ಬರಲಿ ಎಂದು. ಬೇರೆ ದಿನವಾದರೆ ಅಂಥ ಅವಳಿಗಳನ್ನು ನಾನು ಹೀನಾಯವಾಗಿ ಬೈಯುತ್ತಿದ್ದೆ.

ಅವಳಿ ಬರಲಿಲ್ಲ. ಕಡೆಯ ಕಂತು ಬಂತು. ಇನ್‌ಸ್ಪೆಕ್ಟರು ಎಲ್ಲರನ್ನೂ ಮಹಡಿಗೆ ಕರೆಸಿದ. ಆ ದಿನ ನಡೆದದ್ದನ್ನು ಮತ್ತೆ ತೋರಿಸತೊಡಗಿದರು. ಬರಿಗಾಲಿನ ಹೆಜ್ಜೆ ಮೆಟ್ಟಿಲು ಹತ್ತುತ್ತದೆ. ಯಜಮಾನ ಬೆನ್ನು ತಿರುಗಿಸಿ ನಿಂತಿದ್ದಾನೆ. ಎರಡು ಕೈ, ಕಪ್ಪು ಶಾಲು ಹೊದ್ದ ಎರಡು ಕೈ, ಮೆಲ್ಲಗೆ ಮುಂದೆ ಬರುತ್ತವೆ. ಆಪಾ ಬೆರಳ ಸಂದಿಯಿಂದ ನೋಡುತ್ತಿದ್ದಳು. ಹೆಂಡತಿಯ ಕೈಯಲ್ಲಿ ಹಿತಕದ ಕಾಳು ಹಾಗೇ ಇತ್ತು. ಸಂಗೀತ ಏರಿತು.

"ಅಯ್ಯೋ ಶಿವನೇ! ಅಯ್ಯೋ!"

ಹೊಸ್ತಿಲ ಆಚೆಯಿಂದ ಅತ್ತೆ ಎದೆ ಬಡಿದುಕೊಂಡು ಕೂಗಿದ್ದರು. ತೆರೆಯ ಮೇಲೆ ಇನ್ನೂ ಶಾಲು ಮಾತ್ರ ಇತ್ತು.

"ಅರೆ ಅಜ್ಜೀ, ಇನ್ನೂ ಮುಖಾನೇ ತೋರ್ಸಿಲ್ಲ!" ಎಂದಳು ಆಪಾ.

ನನ್ನ ಹೆಂಡತಿ ತಾಯಿಯ ಕಡೆ ತಿರುಗಿದಳು. ಆಮೇಲೆ, ನಿಧಾನವಾಗಿ, ನನ್ನ ಕಡೆ. ನಾನು ಅಡಿಕೆಯನ್ನು ಎಡದವಡೆಯಿಂದ ಬಲದವಡೆಗೆ ಸಾಗಿಸಿದೆ. ಅಷ್ಟರಲ್ಲಿ ಆಪಾ, "ಯಾ ಅಲ್ಲಾ, ಈ ಹುಡುಗೀನಾ!" ಎಂದು ಚೀರಿದಳು. ಶಾಲು ಜಾರಿತ್ತು, ಮುಖ ಬಂದು ಹೋಗಿತ್ತು. ತಿಂಗಳುಗಟ್ಟಲೆ ಕಾದ ಆ ಮುಖವನ್ನು ನನ್ನ ಹೆಂಡತಿ ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ನನ್ನನ್ನು.

ಆಪಾಳನ್ನು ಬಾಗಿಲವರೆಗೆ ಕಳಿಸಿ ಬಂದು, ಅವಳು ಅರ್ಧ ತುಂಬಿದ್ದ ಬೇಸಿನ್ನನ್ನು ಎತ್ತಿ ನನ್ನ ಮುಂದೆ ಇಟ್ಟು ಒಳಗೆ ಹೋದಳು. ನಾನು ಹಿತಕತೊಡಗಿದೆ. ಮೊದಲ ಕಾಳು ಕೈಯಿಂದ ಹಾರಿ ಟೀವಿಗೆ ಬಡಿಯಿತು.

ಅತ್ತೆ ಹೊಸ್ತಿಲು ದಾಟಿ ಬಂದರು. ಚಾಪೆಯ ಇನ್ನೊಂದು ತುದಿಯಲ್ಲಿ, ನನ್ನ ಎದುರಿಗೆ, ಮಂಡಿ ಹಿಡಿದುಕೊಂಡು ಕೂತರು.

"ಕೂಗಿದ್ದು ಸ್ವಲ್ಪ ಮುಂಚೆ ಆಯ್ತೇನೋ" ಎಂದರು ಪಿಸುದನಿಯಲ್ಲಿ.

"ಇಲ್ಲತ್ತೆ, ಸರಿಯಾಗೇ ಇತ್ತು."

"ದಿನಾ ಆ ಹೊತ್ತಿಗೆ ಒಂದು ವಿಮಾನ ಬರ್ತಿತ್ತು. ಆ ಸದ್ದಲ್ಲಿ ಗೊತ್ತಾಗಲ್ಲ ಅಂದ್ಕೊಂಡಿದ್ದೆ. ಬೆಚ್ಚಿಬಿದ್ದ ಹಾಗೆ ಮಾಡಿದ್ದೇ ನಿಮ್ಮ ಮೇಲೆ ಬರಬಾರದು ಅಂತ."

ಅತ್ತೆ ಬೇಸಿನ್ನಿಗೆ ಕೈ ಹಾಕಿದರು. ಅವರ ಬೆರಳಿಂದ ಬೇಳೆ ಇಡಿಯಾಗಿ, ನುಜ್ಜಾಗದೆ, ಒಂದರ ಹಿಂದೊಂದು ಪಾತ್ರೆಗೆ ಬೀಳತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತದೆ ಕೇಳಿದರು.

"ಆ ಮಗೂನ ಇನ್ನು ಏನು ಮಾಡ್ತಾರೆ? ಜೈಲಿಗೆ ಹಾಕೇಬಿಡ್ತಾರಾ?"

"ನನಗೆ ಗೊತ್ತಿಲ್ಲ ಅತ್ತೆ" ಎಂದೆ.

ಗೊತ್ತಿತ್ತು. ತೋಟವೂ ಅವಳಿಗೆ ಸಿಗುವುದಿಲ್ಲ ಎಂಬುದೂ ಗೊತ್ತಿತ್ತು.

"ಹಾಗಾದ್ರೆ ಬಿಟ್ರೂ ಬಿಟ್ಟಾರು" ಎಂದರು ಅತ್ತೆ. "ಪಾಪ."